ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿರಿ



ಈ ಒಂದು ವರ್ಷದೊಳಗೆ ನಮ್ಮ ಸಮಾಜದ ನಾಲ್ಕು ಮನೆತನದವರು ನನಗೆ ಒಂದೇ ತರಹದ ಪ್ರಶ್ನೆ ಕೇಳಿದರು. ಕೊಲ್ಹಾಪುರದವರು ಒಬ್ಬರು, ಇಚಲಕರಂಜಿಯವರು ಇಬ್ಬರು, ನಮ್ಮ ಗಡಹಿಂಗ್ಲಜದವರು ಒಬ್ಬರು. ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುವವರಿದ್ದಾರೆ, ಇಲ್ಲವೆ ಅಣ್ಣ-ತಮ್ಮಂದಿರು ವಾಟಣಿ ಮಾಡಿಕೊಳ್ಳುವವರಿದ್ದಾರೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಜ್ಜ-ಮುತ್ತಜ್ಜರ ಕಾಲದ ಕೆಂಪು ಬಟ್ಟೆಯ ವಹಿಗಳು, ಹುರಿಯಿಂದ ಕಟ್ಟಿದ ಕಾಗದದ ಗಂಟುಗಳು ಸಿಕ್ಕಿವೆ. "ಮೋಡಿ ಅಕ್ಷರ, ನಮಗ ಯಾರಿಗೂ ಓದಾಕ ಬರೂದಿಲ್ರಿ. ಇವನ್ನ ಏನ ಮಾಡೂದು?" ಎಂಬುದೇ ಪ್ರಶ್ನೆ.

ಸಾಮಾನ್ಯವಾಗಿ ಈ ಕಾಗದಗಳಿಗೆ ಮೂರು ಗತಿ. ಒಂದು, ಕಿಲೋದ ಲೆಕ್ಕದಲ್ಲಿ ರದ್ದಿಯವನ ಪಾಲು. ಎರಡು, ಹಂಡೆಯ ಒಲೆ. ಮೂರನೆಯದು ಹೊಳೆ. ವಹಿಯ ಮೊದಲ ಪುಟದಲ್ಲಿ ಶ್ರೀಕಾರವಿರುತ್ತದೆ, ಭಗವಂತನ ಹೆಸರಿರುತ್ತದೆ. ಅದಕ್ಕಾಗಿ ರದ್ದಿಗೆ ಹಾಕಲು ಮನಸ್ಸು ಒಪ್ಪದ ಹಿರಿಯರು ಪಂಚಗಂಗೆಯಲ್ಲಿಯೋ ಹಿರಣ್ಯಕೇಶಿಯಲ್ಲಿಯೋ ಬಿಟ್ಟುಬಂದು ಕೈ ಮುಗಿಯುತ್ತಾರೆ. ಭಕ್ತಿ ಒಳ್ಳೆಯದೇ. ಆದರೆ ಮನೆತನದ ನೂರು ವರ್ಷದ ನೆನಪು ಒಂದೇ ಗಳಿಗೆಯಲ್ಲಿ ನೀರುಪಾಲಾಗುತ್ತದೆ. ನಾಲ್ಕೂ ಮನೆಯವರಿಗೆ ಬೇರೆಬೇರೆ ಹೇಳುವುದಕ್ಕಿಂತ ಎಲ್ಲರಿಗೂ ಒಂದೇ ಸಲ ಹೇಳಿದರಾಯಿತೆಂದು ಈ ತಿಂಗಳ ಲೇಖನಕ್ಕೆ ಇದೇ ವಿಷಯ ಆರಿಸಿಕೊಂಡಿದ್ದೇನೆ.

ನಾನು ಮ್ಯಾಟ್ರಿಕ್ ಓದಿದವ, ಇತಿಹಾಸ ಪಂಡಿತನಲ್ಲ. ಬೆಲ್ಲ-ಮೆಣಸಿನಕಾಯಿಯ ಅಡತಿ ಅಂಗಡಿಯಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಕುಳಿತವ. ನಮ್ಮ ತಂದೆಯವರಿಗೆ ಶಾಲೆಯಲ್ಲಿ ಮೋಡಿ ಕಲಿಸಿದ್ದರು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಹಳೆಯ ಕೀರ್ದಿ ಬಿಚ್ಚಿ ನನಗೆ ಅಕ್ಷರ ಹೇಳಿಕೊಟ್ಟರು. ಅಲ್ಲಿಂದ ಹಿಡಿದ ಹುಚ್ಚು ಇಂದಿಗೂ ಬಿಟ್ಟಿಲ್ಲ. ರದ್ದಿ ಅಂಗಡಿಯಲ್ಲಿ, ಹಳೆಯ ಸಾಮಾನಿನ ಬಜಾರದಲ್ಲಿ, ಬೀಗರ ಮನೆಯ ಅಟ್ಟದಲ್ಲಿ ಸಿಕ್ಕಿದ್ದನ್ನೆಲ್ಲ ಕೂಡಿಸಿ ಇಟ್ಟಿದ್ದೇನೆ.

ಗಂಟಿನಲ್ಲಿ ಏನೇನು ಇರುತ್ತದೆ?

ದಪ್ಪ ವಹಿಗಳಲ್ಲಿ ಮುಖ್ಯವಾಗಿ ಎರಡು ತರಹ. ದಿನದಿನದ ವ್ಯವಹಾರ ಬರೆದದ್ದು ರೋಜಕೀರ್ದಿ. ಅದರಿಂದ ಒಬ್ಬೊಬ್ಬರ ಹೆಸರಿಗೆ ಬೇರೆ ಮಾಡಿ ಬರೆದದ್ದು ಖತಾವಣಿ. ಪುಟದ ಮೇಲೆ ಗೆರೆ ಇರುವುದಿಲ್ಲ. ಕಾಗದವನ್ನು ಉದ್ದಕ್ಕೆ ಮಡಚಿ ಮೂಡಿಸಿದ ಸಳಗಳೇ ಗೆರೆಯ ಕೆಲಸ ಮಾಡುತ್ತವೆ. ಎಡಕ್ಕೆ ಜಮೆ, ಬಲಕ್ಕೆ ನಾವೆ. ರೂಪಾಯಿಯ ಮುಂದೆ ನೆಟ್ಟಗೆ ಎಳೆದ ಒಂದು ಗೀಟು ಇದ್ದರೆ ಕಾಲು ರೂಪಾಯಿ ಅಂದರೆ ನಾಲ್ಕಾಣೆ, ಎರಡಿದ್ದರೆ ಎಂಟಾಣೆ, ಮೂರಿದ್ದರೆ ಹನ್ನೆರಡಾಣೆ. ಇಷ್ಟು ತಿಳಿದರೆ ಮೋಡಿ ಬಾರದವರಿಗೂ ಅಂಕಿಗಳ ದಾರಿ ಸಿಗುತ್ತದೆ.

ವಹಿಗಳ ಹೊರತು ಬಿಡಿ ಕಾಗದಗಳು ಇರುತ್ತವೆ: ಹುಂಡಿ, ಬೀಜಕ, ಜಕಾತಿಯ ಪಾವತಿ, ತೂಕದ ಚೀಟಿ, ಕರ್ಜರೋಖೆ, ಗಹಾಣಖತ, ವಾಟಣಿಪತ್ರ, ಅಡತಿಯವರ ಪತ್ರಗಳು, ಕಾಲಾಣೆಯ ಪೋಸ್ಟ್ ಕಾರ್ಡು, ಮದುವೆಯ ಯಾದಿ, ಬಸದಿಗೆ ಕೊಟ್ಟ ದೇಣಿಗೆಯ ಲೆಕ್ಕ. ಕೆಲವು ಮನೆಗಳಲ್ಲಿ ಕಾಗದಕ್ಕಿಂತ ಹಿಂದಿನ ವಸ್ತುವೂ ಸಿಗಬಹುದು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಲಿ ಸವರಿ ಕಪ್ಪು ಮಾಡಿ, ಬಳಪದಿಂದ ಬರೆದು, ಮಡಚಿ ಇಡುತ್ತಿದ್ದರು. ಅದೇ ಕಡತ. ಇಂದು ಕಚೇರಿಯ ಫೈಲಿಗೆ ಕನ್ನಡದಲ್ಲಿ ಕಡತ ಎನ್ನುತ್ತೇವಲ್ಲ, ಆ ಮಾತು ಬಂದದ್ದು ಇದರಿಂದಲೇ.

ವರ್ಷ ಗುರುತಿಸುವುದು ಹೇಗೆ?

ಹಳೆಯ ಕಾಗದದ ಮೇಲೆ ಇಸವಿ ಅಪರೂಪ. ಶಾಲಿವಾಹನ ಶಕೆ ಇದ್ದರೆ 78 ಕೂಡಿಸಿರಿ. ಶಕೆ 1798 ಎಂದರೆ 1876. ಗುಜರಾತಿ, ಮಾರವಾಡಿ ಬಂಧುಗಳ ವಹಿಯಲ್ಲಿ ವಿಕ್ರಮ ಸಂವತ್ತು ಇರುತ್ತದೆ, ಅದರಲ್ಲಿ 57 ಕಳೆಯಿರಿ. ವೀರ ನಿರ್ವಾಣ ಸಂವತ್ತು ಬರೆದಿದ್ದರೆ 527 ಕಳೆಯಿರಿ. ಈ ಎರಡೂ ಸಂವತ್ತು ದೀಪಾವಳಿಗೆ ಬದಲಾಗುವುದರಿಂದ ಜನವರಿಯ ನಂತರದ ತಿಥಿಗೆ ಒಂದು ಕಡಿಮೆ ಕಳೆಯಬೇಕು. ಫಸಲಿ ಸನ್ ಇದ್ದರೆ ನಮ್ಮ ದಖ್ಖನದ ಲೆಕ್ಕಕ್ಕೆ 590 ಕೂಡಿಸಬೇಕು. ಇನ್ನೂ ಹಳೆಯ ಮರಾಠಾ ಕಾಗದಗಳಲ್ಲಿ ಅರಬ್ಬಿ ಮಾತಿನಲ್ಲಿ ಅಂಕಿ ಬರೆದ ಸುಹೂರ ಸನ್ ಇರುತ್ತದೆ, ಅದಕ್ಕೆ 599 ಕೂಡಿಸಬೇಕು. ತಿಂಗಳ ವ್ಯತ್ಯಾಸದಿಂದ ಒಂದು ವರ್ಷ ಆಚೆ-ಈಚೆ ಆಗಬಹುದು.

ಅಂಚೆಯ ವಸ್ತುಗಳಿಗೆ ಬೇರೆ ಗುರುತುಗಳಿವೆ. ಇಡೀ ಹಿಂದುಸ್ತಾನಕ್ಕೆ ನಡೆಯುವ ಅಂಚೆಚೀಟಿ ಹೊರಟದ್ದು 1854ರಲ್ಲಿ. ಪೋಸ್ಟ್ ಕಾರ್ಡು ಬಂದದ್ದು 1879ರಲ್ಲಿ, ಬೆಲೆ ಕಾಲಾಣೆ. ರಾಣಿಯ ಚಿತ್ರದ ಚೀಟಿಯ ಮೇಲೆ "ಈಸ್ಟ್ ಇಂಡಿಯಾ" ಎಂದಿದ್ದರೆ ಅದು 1882ಕ್ಕಿಂತ ಮೊದಲು ಅಚ್ಚಾದ ನಮೂನೆ. ಬರೇ "ಇಂಡಿಯಾ" ಎಂದಿದ್ದರೆ ನಂತರದ್ದು. ಮನಿಯಾರ್ಡರ್ ಪದ್ಧತಿಯನ್ನು ಅಂಚೆ ಖಾತೆಯವರು ಪ್ರಾರಂಭಿಸಿದ್ದು 1880ರಲ್ಲಿ. ಅದಕ್ಕಿಂತ ಮೊದಲು ಮುಂಬಯಿಗೆ ಹಣ ಕಳಿಸಬೇಕಾದರೆ ವ್ಯಾಪಾರಿಗೆ ಇದ್ದ ದೊಡ್ಡ ದಾರಿ ಹುಂಡಿಯೇ.

ಹುಂಡಿಯ ಮರ್ಮ

ಇಂದಿನ ತರುಣರಿಗೆ ಹುಂಡಿ ಎಂದರೆ ದೇವಸ್ಥಾನದ ಕಾಣಿಕೆ ಡಬ್ಬಿ. ನಮ್ಮ ಹಿರಿಯರಿಗೆ ಅದು ಬ್ಯಾಂಕು, ಡ್ರಾಫ್ಟು, ಸಾಲ, ಎಲ್ಲವೂ ಆಗಿತ್ತು. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಇಂತಿಷ್ಟು ದಿನದ ಮೇಲೆ ಕೊಡತಕ್ಕದ್ದು ಮುದ್ದತಿ ಹುಂಡಿ. ಪೇಟೆಯಲ್ಲಿ ಗೊತ್ತಿದ್ದ ಸಭ್ಯ ವ್ಯಾಪಾರಿಯ ಕೈಯಲ್ಲಿಯೇ ಹಣ ಕೊಡಬೇಕೆಂದು ಬರೆದದ್ದು ಶಹಾಜೋಗ ಹುಂಡಿ. ಅದು ಕದ್ದದ್ದು ಅಥವಾ ಖೋಟಾ ಎಂದು ನಂತರ ತಿಳಿದರೆ ಹಣ ಪಡೆದ ಆ ಶಹಾನೇ ಬಡ್ಡಿಸಹಿತ ತಿರುಗಿ ಕೊಡಬೇಕು. ಹಡಗಿನಲ್ಲಿ ಸರಕು ಕಳಿಸುವಾಗ ಬರೆದದ್ದು ಜೋಖಮಿ ಹುಂಡಿ. ಸರಕು ಸಮುದ್ರದಲ್ಲಿ ಮುಳುಗಿದರೆ ಹುಂಡಿಯ ಹಣವೂ ಮುಳುಗಿತು. ಇದನ್ನು ನಮ್ಮವರ ವಿಮಾ ಪದ್ಧತಿ ಎಂದರೂ ತಪ್ಪಿಲ್ಲ.

ಬರೆಯುವ ರೀತಿ ನೋಡಿರಿ. ರೂಪಾಯಿ 500 ಎಂದು ಬರೆದು, "ಇದರ ಅರ್ಧ ಇನ್ನೂರೈವತ್ತು, ಅದರ ಇಮ್ಮಡಿ" ಎಂಬ ಅರ್ಥದ ಮಾತನ್ನು ಸೇರಿಸುತ್ತಿದ್ದರು. ಯಾರೂ ಸೊನ್ನೆ ತಿದ್ದಬಾರದೆಂದು ಈ ಎಚ್ಚರಿಕೆ. ಯಾವ ರೂಪಾಯಿ ಎಂಬುದನ್ನೂ ಬರೆಯುತ್ತಿದ್ದರು. ಏಕೆಂದರೆ ಕಂಪನಿ ಸರಕಾರ 1835ರಲ್ಲಿ ಒಂದೇ ತೂಕದ ರೂಪಾಯಿ ತಂದ ಮೇಲೂ ಹಳೆಯ ಅಂಕುಶಿ, ಚಾಂದವಡಿ, ಸುರತಿ ನಾಣ್ಯಗಳು ಪೇಟೆಯಲ್ಲಿ ಕೆಲಕಾಲ ಓಡಾಡುತ್ತಿದ್ದವು. ಒಂದರಿಂದ ಇನ್ನೊಂದಕ್ಕೆ ಬಟ್ಟಾ ಕೊಡಬೇಕಾಗುತ್ತಿತ್ತು. ಮೂಲ ಹುಂಡಿ ದಾರಿಯಲ್ಲಿ ಕಳೆದರೆ ಎರಡನೆಯ ಪ್ರತಿ ಪೈಠ, ಅದೂ ಕಳೆದರೆ ಮೂರನೆಯದು ಪರಪೈಠ. ಹಣ ಸಂದಾಯವಾಗಿ ರದ್ದಾದ ಹುಂಡಿ ಖೋಖಾ. ನಿಮ್ಮ ಗಂಟಿನಲ್ಲಿ ಸಿಗುವವು ಬಹುತೇಕ ಖೋಖಾಗಳೇ. ಹಣ ಕೊಡಬೇಕಾದವನು ನಿರಾಕರಿಸಿದರೆ ಮಾನ ಉಳಿಸಿರೆಂದು ಅದೇ ಊರಿನ ಇನ್ನೊಬ್ಬ ವ್ಯಾಪಾರಿಯ ಹೆಸರಿಗೆ, ಹುಂಡಿ ಬರೆದವನು ಇಲ್ಲವೆ ಅದನ್ನು ದಾಟಿಸಿದವನು ಮೊದಲೇ ಬರೆದುಕೊಡುತ್ತಿದ್ದ ಚೀಟಿಗೆ ಜಿಕರಿ ಚಿಟ್ಠಿ ಎನ್ನುತ್ತಿದ್ದರು. 1881ರಲ್ಲಿ ಚೆಕ್ಕು, ಪ್ರಾಮಿಸರಿ ನೋಟುಗಳ ಕಾಯದೆ ಬಂದಾಗ ಸರಕಾರದವರು ದೇಶಿ ಭಾಷೆಯ ಹುಂಡಿಗಳಲ್ಲಿ ಆಯಾ ಪೇಟೆಯ ರೂಢಿಗೆ ಧಕ್ಕೆ ತರಲಿಲ್ಲ. ಆ ಮಾತು ಕಾಯದೆಯ ಮೊದಲನೆಯ ಕಲಮಿನಲ್ಲಿಯೇ ಇದೆ.

ಒಂದು ಗೇಣು ಕಾಗದ ನೂರಾರು ಮೈಲು ದೂರದಲ್ಲಿ ಸಾವಿರ ರೂಪಾಯಿ ಆಗುತ್ತಿದ್ದದ್ದು ಯಾವುದರ ಬಲದಿಂದ? ಪತ, ಅಂದರೆ ಪೇಟೆಯಲ್ಲಿ ಮನೆತನಕ್ಕಿದ್ದ ವಿಶ್ವಾಸ. ಖೋಖಾದ ಬೆನ್ನ ಮೇಲೆ ಒಬ್ಬರ ಕೆಳಗೊಬ್ಬರು ಹಾಕಿದ ಸಹಿಗಳನ್ನು ಓದಿದರೆ ನಿಮ್ಮ ಮುತ್ತಜ್ಜನ ಮಾತಿಗೆ ಯಾವ ಊರಿನ ತನಕ ಬೆಲೆ ಇತ್ತೆಂಬುದು ತಿಳಿಯುತ್ತದೆ.

ನಮ್ಮ ಸೀಮೆಯ ವಿಶೇಷ

ನಮ್ಮ ಭಾಗದ ಗಂಟುಗಳಲ್ಲಿ ಇನ್ನೊಂದು ಸೊಗಸು ಇದೆ. ಹತ್ತಿಪ್ಪತ್ತು ಮೈಲಿನೊಳಗೆ ಎಷ್ಟು ಸರಕಾರಗಳು! ಗಡಹಿಂಗ್ಲಜ ಕರವೀರ ಸಂಸ್ಥಾನದ್ದು. ಸಂಕೇಶ್ವರ, ನಿಪ್ಪಾಣಿ ಇಂಗ್ಲಿಷರ ಬೆಳಗಾವಿ ಜಿಲ್ಲೆಯವು. ಇಚಲಕರಂಜಿ ಘೋರ್ಪಡೆಯವರ ಜಹಾಗೀರು. ಆಚೆಗೆ ಕುರುಂದವಾಡ, ಮಿರಜ, ಸಾಂಗಲಿ ಪಟವರ್ಧನರವು. ಒಬ್ಬನೇ ವ್ಯಾಪಾರಿಯ ಗಂಟಿನಲ್ಲಿ ಮೂರು-ನಾಲ್ಕು ಸರಕಾರಗಳ ಜಕಾತಿ ಪಾವತಿ ಮತ್ತು ಮುದ್ರೆಗಳು ಕೂಡಿ ಇರುತ್ತವೆ. ಲೆಕ್ಕ ಮೋಡಿ ಮರಾಠಿಯಲ್ಲಿ, ಮನೆಯ ಪತ್ರ ಕನ್ನಡದಲ್ಲಿ, ಮುಂಬಯಿಯ ಅಡತಿಯವರ ಪತ್ರ ಗುಜರಾತಿಯಲ್ಲಿ. ಭಾಷೆಯ ಜಗಳ ವಹಿಯೊಳಗೆ ಇರಲಿಲ್ಲ.

ರೈಲು ಬರುವ ಮೊದಲು ನಮ್ಮ ಸರಕು ಗಾಡಿ ಮತ್ತು ಎತ್ತಿನ ಬೆನ್ನ ಮೇಲೆ ಘಟ್ಟ ಇಳಿದು ರಾಜಾಪುರ, ವೆಂಗುರ್ಲೆ ಬಂದರಗಳಿಗೆ ಹೋಗುತ್ತಿತ್ತು. ಬರುವಾಗ ಉಪ್ಪು, ತೆಂಗು, ಮುಂಬಯಿ ಮಾಲು ಬರುತ್ತಿತ್ತು. 1891ರಲ್ಲಿ ಮಿರಜದಿಂದ ಕೊಲ್ಹಾಪುರಕ್ಕೆ ರೈಲು ಬಂದಿತು. 1895ರಲ್ಲಿ ಶಾಹೂ ಮಹಾರಾಜರು ಬೆಲ್ಲದ ವ್ಯಾಪಾರಕ್ಕೆಂದು ಶಾಹೂಪುರಿ ಪೇಟೆ ಕಟ್ಟಿಸಿದರು. ನನ್ನ ಹತ್ತಿರ ಇರುವ ಕಾಗದಗಳಲ್ಲಿ ಈ ಹತ್ತು ವರ್ಷಗಳ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಗಾಡಿ ಬಾಡಿಗೆಯ ಚೀಟಿಗಳು ಕಡಿಮೆಯಾಗಿ ರೈಲ್ವೆ ಪಾವತಿಗಳು ಬರುತ್ತವೆ. ಕೈಯಲ್ಲಿ ಬರೆದ ಬೀಜಕದ ಜಾಗದಲ್ಲಿ ಹೆಸರು ಅಚ್ಚು ಹಾಕಿಸಿದ ಕಾಗದ ಬರುತ್ತದೆ. ಬಂದರದ ಅಡತಿಯವರ ಹೆಸರು ಮೆಲ್ಲಗೆ ಮಾಯವಾಗುತ್ತವೆ. ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ಪಾವರಲೂಮ್ ಹಾಕಿದರೆಂದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಕೈಮಗ್ಗದ ನೇಕಾರನಿಗೆ ನೂಲು ಉದ್ದರಿ ಕೊಟ್ಟು ಸೀರೆ ತಿರುಗಿ ಪಡೆಯುತ್ತಿದ್ದ ಲೆಕ್ಕ ಯಾವ ಪುಸ್ತಕದಲ್ಲಿದೆ? ಇದ್ದರೆ ನಿಮ್ಮ ಅಟ್ಟದ ಖತಾವಣಿಯಲ್ಲಿದೆ.

ಮುಚ್ಚಿಡಬೇಕೆನಿಸುವ ಕಾಗದಗಳು

ಈಗ ಸ್ವಲ್ಪ ಕಠಿಣ ವಿಷಯಕ್ಕೆ ಬರುತ್ತೇನೆ. ನಮ್ಮ ಹಿರಿಯರು ಬರೇ ಬೆಲ್ಲ-ಅರಿವೆ ಮಾರಲಿಲ್ಲ, ಸಾಲವನ್ನೂ ಕೊಟ್ಟರು. ಗಡಹಿಂಗ್ಲಜ ತಾಲೂಕಿನ ಒಂದು ಮನೆಯಲ್ಲಿ ವಾಟಣಿಯ ಕಾಲಕ್ಕೆ ಕರ್ಜರೋಖೆ ಮತ್ತು ಗಹಾಣಖತಗಳ ದೊಡ್ಡ ಗಂಟು ಹೊರಬಿದ್ದಿತು. ಓದಿ ಹೇಳಲು ನನ್ನನ್ನು ಕರೆಸಿದರು. ಓದುತ್ತ ಹೋದ ಹಾಗೆ ಹಿರಿಯ ಅಣ್ಣನ ಮುಖ ಸಣ್ಣದಾಯಿತು.

"ಕಾಕಾ, ಸಾಕ ಮಾಡ್ರಿ. ಅಜ್ಜ ಎಷ್ಟ ಬಡ್ಡಿ ತೊಗೊಂಡಾನ, ಯಾರ ಹೊಲಾ ಬರಸ್ಕೊಂಡಾನ ಅಂತ ಊರ ಮುಂದ ಹೇಳೂದೇನೈತಿ? ಸುಟ್ಟ ಬಿಡೋಣು" ಎಂದ.

ತಮ್ಮ ಒಪ್ಪಲಿಲ್ಲ. ಅವನಿಗೆ ಒಬ್ಬ ವ್ಯಾಪಾರಿ, ಮುದ್ರೆ ಇದ್ದ ಕಾಗದಕ್ಕೆ ಮಾತ್ರ ತಲಾ ಇಷ್ಟೆಂದು ದರ ಹೇಳಿ ಹೋಗಿದ್ದ. "ಸುಡೂದ್ಯಾಕ ಅಣ್ಣಾ, ನಾಕ ರೂಪಾಯಿ ಬರತಾವು" ಎಂಬುದು ಅವನ ಲೆಕ್ಕ.

ಇಬ್ಬರಿಗೂ ಎರಡು ದಿನ ತಡೆಯಲು ಹೇಳಿ ಖತಾವಣಿ ತೆಗೆದೆ. ಶಕೆ 1798, 1799 ಎಂದರೆ ಧಾತು ಮತ್ತು ಈಶ್ವರ ಸಂವತ್ಸರ. 1876ರಿಂದ 1878ರ ತನಕ ಬಿದ್ದ ಭೀಕರ ಬರಗಾಲ. ನಮ್ಮ ಮುದುಕರು ಇದರ ಕಥೆ ಹೇಳುತ್ತಿದ್ದರು. ಆ ಎರಡು ವರ್ಷ ಹದಿನೈದಿಪ್ಪತ್ತು ಒಕ್ಕಲಿಗರ ಖಾತೆಯಲ್ಲಿ ಬಡ್ಡಿಯ ಜಾಗ ಖಾಲಿ ಇತ್ತು. ಜೋಳ ಕೊಟ್ಟ ಬರಹ ಇತ್ತು, ಬಡ್ಡಿ ಹಚ್ಚಿದ ಬರಹ ಇರಲಿಲ್ಲ. ಅಣ್ಣನ ಮುಖ ಅರಳಿತು. ಆದರೆ ಅಷ್ಟೇ ಓದಿ ಪುಸ್ತಕ ಮುಚ್ಚುವುದು ಪ್ರಾಮಾಣಿಕತನವಲ್ಲ. ಮುಂದಿನ ನಾಲ್ಕು ವರ್ಷದಲ್ಲಿ ಅದೇ ಖಾತೆದಾರರೊಳಗೆ ಐದು ಜನರ ಹೊಲ ಈ ಮನೆತನಕ್ಕೆ ಬಂದದ್ದೂ ಅದೇ ಕೈಬರಹದಲ್ಲಿ ಇತ್ತು. ಅದನ್ನೂ ಓದಿ ಹೇಳಿದೆ. ಬರದಲ್ಲಿ ಜೋಳ ಕೊಟ್ಟವನು, ನಂತರ ಹೊಲ ಬರೆಸಿಕೊಂಡವನು ಒಬ್ಬನೇ ಅಜ್ಜ. ಎರಡೂ ನಮ್ಮದೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಸುಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ. ಜಮೆ ಬರೆದು ನಾವೆ ಬಿಡುವ ವಹಿಗೆ ಪೇಟೆಯಲ್ಲಿ ಏನೆನ್ನುತ್ತಾರೆಂದು ನಾವು ವ್ಯಾಪಾರಿಗಳಿಗೆ ಯಾರೂ ಹೇಳಬೇಕಾಗಿಲ್ಲ.

ಈ ಕಾಗದಗಳ ಬೆಲೆ ಸಾಲಗಾರನಿಗೂ ಗೊತ್ತಿತ್ತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬಲ್ಲಿ ರೈತರು ಸಾವಕಾರರ ಮೇಲೆ ಎದ್ದರು. ಗಲಭೆ ಅಹಮದನಗರ ಜಿಲ್ಲೆಗೂ ಹಬ್ಬಿತು. ಮೈಮೇಲೆ ಕೈ ಮಾಡಿದ್ದು ಕಡಿಮೆ. ಅವರು ಕೇಳಿದ್ದು ರೋಖೆಗಳನ್ನು. ಕೈಗೆ ಸಿಕ್ಕ ಕಡೆ ಬೆಂಕಿ ಹಾಕಿದ್ದು ಅವಕ್ಕೇ. ಅದರ ವಿಚಾರಣೆಯ ಫಲವಾಗಿ 1879ರಲ್ಲಿ ದಖ್ಖನ ರೈತರ ಸಲುವಾಗಿ ಬೇರೆ ಕಾಯದೆ ಬಂದಿತು. ಅಂದು ರೈತ ಸುಟ್ಟದ್ದು ತನ್ನ ಮಕ್ಕಳನ್ನು ಉಳಿಸಲಿಕ್ಕೆ. ಇಂದು ನಾವು ಸುಡುವುದು ಯಾರನ್ನು ಉಳಿಸಲಿಕ್ಕೆ? ಆ ಸಾಲಗಳೆಲ್ಲ ಎಂದೋ ಮುದ್ದತು ಮುಗಿದವು. ಅವುಗಳಿಂದ ಯಾರ ಹೊಲವೂ ಹೋಗುವುದಿಲ್ಲ, ಯಾರ ಹೊಲವೂ ಬರುವುದಿಲ್ಲ. ಉಳಿದದ್ದು ನಿಜ ಮಾತ್ರ.

ಒಂದು ಪಥ್ಯವನ್ನು ಮಾತ್ರ ಪಾಲಿಸಬೇಕು. ಸಾಲಗಾರರ ಮೊಮ್ಮಕ್ಕಳು ಅದೇ ಊರಿನಲ್ಲಿ ನಮ್ಮ ಜೊತೆಗೆ ಬಾಳುತ್ತಿದ್ದಾರೆ. ಅವರ ಅಜ್ಜನ ಹೆಸರಿನ ಕಾಗದವನ್ನು ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕುವುದು, ಮೊಬೈಲಿನಲ್ಲಿ ಊರಿಗೆಲ್ಲ ಹಂಚುವುದು ಸಭ್ಯತನವಲ್ಲ. ಅಧ್ಯಯನ ಮಾಡುವವರಿಗೆ ತೋರಿಸೋಣ, ತಮಾಷೆಗೆ ಬೇಡ. ಆ ಅಣ್ಣ-ತಮ್ಮಂದಿರು ಕೊನೆಗೆ ಗಂಟನ್ನು ಸುಡಲಿಲ್ಲ, ಮಾರಲೂ ಇಲ್ಲ. ವಾಟಣಿಪತ್ರದಲ್ಲಿ "ಹಳೆಯ ದಫ್ತರ ಇಬ್ಬರದೂ" ಎಂದು ಒಂದು ಸಾಲು ಸೇರಿಸಿದರು. ಬೇರೆ ಮನೆತನದವರೂ ಇದನ್ನು ಅನುಕರಿಸಬಹುದು.

ಕೈರೋದ ಕೋಣೆ ಮತ್ತು ಮಂಗಳೂರಿನ ವ್ಯಾಪಾರಿ

ವ್ಯಾಪಾರಿಯ ರದ್ದಿಯಿಂದ ಏನಾಗುತ್ತದೆ ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಈಜಿಪ್ತದ ಕೈರೋ ಪಟ್ಟಣದ ಹಳೆಯ ಭಾಗದಲ್ಲಿ ಯಹೂದಿಗಳ ಒಂದು ಪ್ರಾರ್ಥನಾ ಮಂದಿರವಿದೆ. ದೇವರ ಹೆಸರು ಬರೆದ ಕಾಗದವನ್ನು ಹರಿಯಬಾರದು, ಸುಡಬಾರದು ಎಂದು ಅವರೂ ನಂಬಿದವರು. ಹಳೆಯ ಕಾಗದಗಳನ್ನೆಲ್ಲ ಮಂದಿರದ ಒಂದು ಕೋಣೆಯಲ್ಲಿ ಹಾಕುತ್ತ ಬಂದರು. ಲಕ್ಷಗಟ್ಟಲೆ ತುಣುಕುಗಳು ಕೂಡಿದವು. 1896-97ರ ಸುಮಾರಿಗೆ ಅದರ ದೊಡ್ಡ ಭಾಗ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಯಿತು. ಅದರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರ ಮತ್ತು ಲೆಕ್ಕಗಳು ಸಿಕ್ಕವು. ಅವನು 12ನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ಅನೇಕ ವರ್ಷ ಇದ್ದು ಮೆಣಸು, ಅಡಿಕೆ, ಕಬ್ಬಿಣದ ವ್ಯಾಪಾರ ಮಾಡಿದವನು. ಎಂಟುನೂರಕ್ಕೂ ಹೆಚ್ಚು ವರ್ಷ ಹಿಂದಿನ ಮಂಗಳೂರು ಪೇಟೆಯ ಸಂಗತಿ ಇಂದು ನಮಗೆ ತಿಳಿದದ್ದು ಆ ರದ್ದಿಯಿಂದ. ಲೇಖಕ ಅಮಿತಾವ ಘೋಷರು ಅದನ್ನೇ ಆಧರಿಸಿ 1992ರಲ್ಲಿ ಒಂದು ಪುಸ್ತಕ ಬರೆದರು.

ನಮ್ಮಲ್ಲಿಯೂ ಅದೇ ಭಕ್ತಿ, ಅದೇ ಶ್ರೀಕಾರ. ಅವರು ಕೋಣೆಯಲ್ಲಿ ಇಟ್ಟರು, ನಾವು ಹೊಳೆಗೆ ಬಿಟ್ಟೆವು. ಇಷ್ಟೇ ಅಂತರ. ನಿಜ ಹೇಳಬೇಕೆಂದರೆ ನಮಗೆ ಇಡುವ ಪದ್ಧತಿಯೂ ಹೊಸದಲ್ಲ. ಶ್ರುತಪಂಚಮಿಯ ದಿನ ಶಾಸ್ತ್ರಗಳನ್ನು ಹೊರತೆಗೆದು, ಧೂಳು ಜಾಡಿಸಿ, ಹೊಸ ವಸ್ತ್ರದಲ್ಲಿ ಕಟ್ಟಿ ಇಡುವವರು ನಾವು. ಶಾಸ್ತ್ರಕ್ಕೂ ವಹಿಗೂ ಸಮ ಹಚ್ಚುತ್ತಿಲ್ಲ. ಆ ದಿನ ಅಟ್ಟದ ಗಂಟನ್ನೂ ಒಮ್ಮೆ ಕೆಳಗಿಳಿಸಿ ಗಾಳಿಗೆ ಹಾಕಿದರೆ ದೋಷವಿಲ್ಲ ಎನ್ನುತ್ತೇನೆ.

ಕೊಳ್ಳುವವರಿಗೆ, ಮಾರುವವರಿಗೆ

ಇತ್ತೀಚೆಗೆ ಹಳೆಯ ಕಾಗದಗಳಿಗೆ ಪೇಟೆ ಬಂದಿದೆ. ಅಂಚೆಚೀಟಿ ಮತ್ತು ಸ್ಟ್ಯಾಂಪ್ ಕಾಗದದ ಸಂಗ್ರಾಹಕರು ಮುದ್ರೆಗಾಗಿ ಕೊಳ್ಳುತ್ತಾರೆ. ಅನೇಕರು ಮುದ್ರೆಯನ್ನಷ್ಟೇ ಕತ್ತರಿಸಿಕೊಂಡು ಉಳಿದದ್ದನ್ನು ಒಗೆಯುತ್ತಾರೆ. ಇದು ಕೊಬ್ಬರಿ ತೆಗೆದುಕೊಂಡು ತೆಂಗಿನಮರ ಕಡಿದ ಹಾಗೆ. ಗಂಟಿನ ಬೆಲೆ ಗಂಟಾಗಿ ಇದ್ದಾಗಲೇ. ಕೀರ್ದಿ, ಖತಾವಣಿ, ಹುಂಡಿ, ಪತ್ರ ಒಂದಕ್ಕೊಂದು ಸಾಕ್ಷಿ. ಬಿಡಿ ಮಾಡಿದರೆ ಎಲ್ಲವೂ ಮೂಕ.

ಹೊಸದಾಗಿ ಕೊಳ್ಳುವ ತರುಣರು ಎಚ್ಚರದಿಂದಿರಬೇಕು. ಬರೆಯದೆ ಉಳಿದ ಹಳೆಯ ಸ್ಟ್ಯಾಂಪ್ ಕಾಗದದ ಮೇಲೆ ಹೊಸದಾಗಿ ಬರೆದು ಹಳೆಯದೆಂದು ಮಾರುವವರಿದ್ದಾರೆ. ಚಹಾದ ನೀರು ಹಚ್ಚಿ ಕಾಗದ ಕೆಂಪು ಮಾಡುವವರೂ ಇದ್ದಾರೆ. ಕೈಕಾಗದವನ್ನು ಬೆಳಕಿಗೆ ಹಿಡಿದರೆ ನಾರು ಕಾಣುತ್ತದೆ. ಅದು ನೂರೈವತ್ತು ವರ್ಷದ ನಂತರವೂ ಮೆತ್ತಗಿರುತ್ತದೆ. 19ನೆಯ ಶತಮಾನದ ಕೊನೆಗೆ ಬಂದ ಕಟ್ಟಿಗೆಯ ತಿರುಳಿನ ಗಿರಣಿ ಕಾಗದವೇ ಮೊದಲು ಹಳದಿಯಾಗಿ ಹಪ್ಪಳದಂತೆ ಮುರಿಯುತ್ತದೆ. ಅಜ್ಜನ ವಹಿಗಿಂತ ಮುತ್ತಜ್ಜನ ವಹಿ ಗಟ್ಟಿ ಇರುವುದು ಇದಕ್ಕಾಗಿಯೇ.

ಕಾಯದೆಯನ್ನೂ ನೆನಪಿಡಿರಿ. 1972ರ ಪುರಾತನ ವಸ್ತುಗಳ ಕಾಯದೆಯ ಪ್ರಕಾರ ಐತಿಹಾಸಿಕ ಮಹತ್ವದ, 75 ವರ್ಷಕ್ಕಿಂತ ಕಡಿಮೆಯಿಲ್ಲದ ಕೈಬರಹ ಮತ್ತು ದಾಖಲೆಗಳು ಪುರಾತನ ವಸ್ತುಗಳೇ. ಅವುಗಳನ್ನು ಖಾಸಗಿಯವರು ಪರದೇಶಕ್ಕೆ ಕಳಿಸುವಂತಿಲ್ಲ. ಸರಕಾರಿ ಕಚೇರಿಯ ಶಿಕ್ಕೆ ಇದ್ದು ಕಚೇರಿಯಿಂದಲೇ ಹೊರಬಿದ್ದದ್ದೆಂದು ಕಾಣುವ ಕಾಗದವನ್ನು ಎಷ್ಟು ಸೋವಿ ಸಿಕ್ಕರೂ ಕೊಳ್ಳಬೇಡಿರಿ.

ಕಾಪಾಡುವ ಬಗೆ

ಅಕ್ಕ-ತಂಗಿಯರು ಕತ್ತರಿಸಿ ಇಟ್ಟುಕೊಳ್ಳಲೆಂದು ಕೆಲವು ಸೂಚನೆಗಳನ್ನು ಬೇರೆಯಾಗಿ ಕೊಡುತ್ತೇನೆ:

1. ಗಂಟು ಬಿಚ್ಚುವ ಮೊದಲು ಇದ್ದ ಹಾಗೆಯೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಯಾವ ಕಾಗದದ ಜೊತೆ ಯಾವುದಿತ್ತು ಎಂಬುದೂ ಒಂದು ಮಾಹಿತಿ.

2. ಸೆಲ್ಲೋಟೇಪು ಹಚ್ಚಬೇಡಿರಿ, ಲ್ಯಾಮಿನೇಶನ್ ಮಾಡಿಸಬೇಡಿರಿ. ಎರಡನ್ನೂ ತಿರುಗಿ ಬಿಡಿಸಲಾಗದು. ಗುಂಡುಸೂಜಿ, ಸ್ಟೇಪ್ಲರ್ ಪಿನ್ನು ಇದ್ದರೆ ತುಕ್ಕು ಹಿಡಿಯುವ ಮೊದಲೇ ಮೆಲ್ಲಗೆ ತೆಗೆಯಿರಿ.

3. ತೊಳೆದು ಒಣಗಿಸಿದ ಹತ್ತಿಯ ಬಟ್ಟೆಯಲ್ಲಿ ಸಡಿಲಾಗಿ ಸುತ್ತಿರಿ. ನಡುವೆ ಒಣಗಿದ ಬೇವಿನೆಲೆ, ಬಜೆಯ ತುಂಡು ಹಿರಿಯರ ಪದ್ಧತಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಬೆವರಿ ಬೂಷ್ಟು ಹಿಡಿಯುತ್ತದೆ.

4. ಕಾಡಿಗೆ ಮತ್ತು ಗೋಂದಿನ ಹಳೆಯ ಶಾಯಿ ಬೆಳಕಿಗೆ ಮಾಸುವುದಿಲ್ಲ, ಆದರೆ ನೀರಿಗೆ ಕರಗುತ್ತದೆ. ಒದ್ದೆ ಅರಿವೆಯಿಂದ ಎಂದೂ ಒರೆಸಬೇಡಿರಿ.

5. ಪೆಟ್ಟಿಗೆ ನೆಲಮಹಡಿಯಲ್ಲಿ ಬೇಡ. 2005, 2019, 2021ರ ಮಹಾಪೂರಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಪಂಚಗಂಗೆಯ ದಂಡೆಯ ಎಷ್ಟೋ ಮನೆಗಳಲ್ಲಿ ವಹಿಗಳು ಕೆಸರಿನ ಮುದ್ದೆಯಾದವು.

6. ಒದ್ದೆಯಾಗಿಯೇಬಿಟ್ಟರೆ ಪುಟಗಳನ್ನು ಎಳೆದು ಬಿಡಿಸಬೇಡಿರಿ. ಬಿಸಿಲಿಗೆ ಹಾಕದೆ ನೆರಳಲ್ಲಿ ಫ್ಯಾನಿನ ಗಾಳಿಗೆ, ಅಚ್ಚಿಲ್ಲದ ಬಿಳಿ ಕಾಗದದ ಮೇಲೆ ಒಣಗಿಸಿರಿ. ಎರಡು ದಿನದಲ್ಲಿ ಬೂಷ್ಟು ಏಳುತ್ತದೆ. ರಾಶಿ ದೊಡ್ಡದಿದ್ದರೆ ಸ್ವಲ್ಪಸ್ವಲ್ಪ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನ ಹಿಮದ ಖಾನೆಯಲ್ಲಿಟ್ಟರೆ ಬೂಷ್ಟು ತಡೆಯುತ್ತದೆ. ನಂತರ ಒಂದೊಂದಾಗಿ ಒಣಗಿಸಬಹುದು.

ಯಾರಿಗೆ ಕೊಡುವುದು?

ಮನೆಯಲ್ಲಿ ಇಟ್ಟುಕೊಳ್ಳಲು ಆಗದವರು ರದ್ದಿಗೆ ಹಾಕುವ ಮೊದಲು ನಾಲ್ಕು ಕಡೆ ಕೇಳಿ ನೋಡಿರಿ. ಕೊಲ್ಹಾಪುರದಲ್ಲಿಯೇ ಮಹಾರಾಷ್ಟ್ರ ಸರಕಾರದ ಪುರಾಭಿಲೇಖಾಗಾರದ ಕಚೇರಿ ಇದೆ. ಕರವೀರ ಸಂಸ್ಥಾನದ ಮೋಡಿ ದಫ್ತರಗಳು ಅಲ್ಲಿವೆ. 1962ರಲ್ಲಿ ಸ್ಥಾಪನೆಯಾದ ಶಿವಾಜಿ ವಿದ್ಯಾಪೀಠವಿದೆ. 1850ರಿಂದ ನಡೆದುಬಂದ ಕರವೀರ ನಗರ ವಾಚನ ಮಂದಿರವಿದೆ. ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವಿದೆ. ಅದನ್ನು 1910ರಲ್ಲಿ ಸ್ಥಾಪಿಸಿದವರಲ್ಲಿ ಒಬ್ಬರಾದ ರಾಜವಾಡೆಯವರು ಊರೂರು ತಿರುಗಿ, ಮನೆಮನೆಯ ಬಾಗಿಲಿಗೆ ಹೋಗಿ ಕಾಗದ ಕೂಡಿಸಿದವರು. ಮಿರಜದ ವಾಸುದೇವಶಾಸ್ತ್ರಿ ಖರೆಯವರು ಪಟವರ್ಧನರ ದಫ್ತರದ ಕಾಗದಗಳನ್ನು ಅಚ್ಚು ಹಾಕಿಸಿದರು, ಇಚಲಕರಂಜಿ ಸಂಸ್ಥಾನದ ಇತಿಹಾಸವನ್ನೂ ಬರೆದರು. ಬಡೋದೆಯಲ್ಲಿ ಹರಿಭಕ್ತಿ ಎಂಬ ಸರಾಫ ಮನೆತನದ ಕಾಗದಗಳನ್ನು ಅಲ್ಲಿಯ ವಿದ್ಯಾಪೀಠದವರು ಕಾಪಾಡಿಕೊಂಡಿದ್ದಾರೆ. ಆ ಮನೆತನದ ಹೆಸರು ಇಂದಿಗೂ ವಿದ್ವಾಂಸರ ಬಾಯಲ್ಲಿದೆ. ರಾಜರ ದಫ್ತರ ಉಳಿಸುವವರು ಬಹಳ ಜನ. ವ್ಯಾಪಾರಿಯ ದಫ್ತರ ಉಳಿಸುವುದು ವ್ಯಾಪಾರಿಯ ಮನೆಯವರೇ ಮಾಡಬೇಕಾದ ಕೆಲಸ. ಕೊಡುವಾಗ ಮಾತ್ರ ಬರಹದಲ್ಲಿ ಪಾವತಿ ಪಡೆಯಿರಿ, ಯಾದಿಯ ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿರಿ. ಮೊದಲು ಬರೆ, ಆಮೇಲೆ ಕೊಡು ಎಂಬುದು ನಮ್ಮ ಪೇಟೆಯ ಹಳೆಯ ನಿಯಮವಷ್ಟೆ.

ಇಷ್ಟು ಕೂಡಿಸುವುದು ಪರಿಗ್ರಹವಲ್ಲವೇ ಎಂದು ನಮ್ಮ ಮನೆಯವರು ಆಗಾಗ ಚೇಷ್ಟೆ ಮಾಡುತ್ತಾರೆ. ಮಾತು ಸುಳ್ಳಲ್ಲ. ನನ್ನದು ಎಂಬ ಮೋಹವೇ ಪರಿಗ್ರಹ. ಅದಕ್ಕಾಗಿ ನಾನು ಕೂಡಿಸಿದ್ದರ ಯಾದಿ ತಯಾರಿಸುತ್ತಿದ್ದೇನೆ. ಯಾವ ಗಂಟು ಯಾವ ಊರಿನದು, ಎಲ್ಲಿ ಸಿಕ್ಕಿತು ಎಂದು ಬರೆದು ಮುಗಿಸಿದ ಮೇಲೆ ಒಂದೊಂದಾಗಿ ಸಂಸ್ಥೆಗಳಿಗೆ ಒಪ್ಪಿಸುವ ವಿಚಾರವಿದೆ. ಮಕ್ಕಳು ಒಪ್ಪಿದ್ದಾರೆ.

ಕೊನೆಗೆ ತರುಣ ವ್ಯಾಪಾರಿಗಳಿಗೆ ಒಂದು ಮಾತು. ನಿಮ್ಮ ಲೆಕ್ಕವೆಲ್ಲ ಈಗ ಕಂಪ್ಯೂಟರಿನಲ್ಲಿ. ಜಿಎಸ್‌ಟಿ ಕಾಯದೆಯಂತೆ ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಕಾದಿಡಬೇಕು. ಆರು ವರ್ಷದ ಮೇಲೆ ಕಾಯದೆಗೆ ಅದು ಬೇಡ, ಮನೆತನಕ್ಕೆ ಬೇಕು. ಯಂತ್ರ ಕೆಟ್ಟರೆ, ಪಾಸವರ್ಡ್ ಮರೆತರೆ ನಿಮ್ಮ ಮೊಮ್ಮಕ್ಕಳಿಗೆ ಒಂದು ಸಾಲೂ ಸಿಗುವುದಿಲ್ಲ. ವರ್ಷಕ್ಕೊಮ್ಮೆ ದೀಪಾವಳಿಯ ವಹಿಪೂಜೆಯ ದಿನ ಆ ವರ್ಷದ ಖಾತೆಯ ಸಾರಾಂಶ, ನಾಲ್ಕು ಬೀಜಕ, ಒಂದೆರಡು ಮುಖ್ಯ ಪತ್ರ ಒಳ್ಳೆಯ ಕಾಗದದ ಮೇಲೆ ಅಚ್ಚು ತೆಗೆದು, ಕೈಯಿಂದ ನಾಲ್ಕು ಸಾಲು ಬರೆದು, ಕೆಂಪು ಬಟ್ಟೆಯಲ್ಲಿ ಕಟ್ಟಿ ಇಡಿರಿ. ಆ ವರ್ಷ ಮಳೆ ಹೇಗಿತ್ತು, ಬೆಲ್ಲದ ಧಾರಣೆ ಏನಿತ್ತು, ಯಾರಿಗೆ ತೊಂದರೆಯಾಯಿತು, ನೀವು ಏನು ಮಾಡಿದಿರಿ, ಏನು ಮಾಡಲಿಲ್ಲ, ಎಲ್ಲವನ್ನೂ ಬರೆಯಿರಿ. ಜಮೆ-ನಾವೆ ಎರಡೂ ಇರಲಿ.

ಮೋಡಿ ಓದಲು ಬಾರದವರು ತಮ್ಮ ಮನೆಯ ಒಂದೆರಡು ಪುಟದ ಫೋಟೋ ಸಂಪಾದಕರ ವಿಳಾಸಕ್ಕೆ ಕಳಿಸಿದರೆ ಆದಷ್ಟು ಓದಿ ತಿಳಿಸುತ್ತೇನೆ. ಮೂಲ ಕಾಗದ ಮಾತ್ರ ಅಂಚೆಯಲ್ಲಿ ಹಾಕಬೇಡಿರಿ.